ಕಾಲು ಎತ್ತಬ್ಯಾಡ್ರೀ ಕಾಕಾ

ಮನೆಯಲ್ಲೇ ಕಾರಿನ ಬ್ರೇಕ್ ಆಯಿಲ್ ಬದಲಿಸಲು ಬೇಕಾಗುವುದು ಒಂದು ರಿಂಗ್ ಪಾನಾ, ಒಳಗಿನದು ಕಾಣುವ ಒಂದು ತುಂಡು ಬಿಳಿ ಪೈಪು, ಖಾಲಿ ಬಾಟಲಿ ಮತ್ತು ಸೀಲ್ ಒಡೆಯದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಡಬ್ಬಿ. ಇವೆಲ್ಲ ಹುಬ್ಬಳ್ಳಿಯಲ್ಲಿ ಸಿಗುತ್ತವೆ. ಸಿಗದವನು, ಒತ್ತು ಅಂದಾಗ ಪೆಡಲ್ ಒತ್ತಿ, ಬಿಡು ಅನ್ನುವ ತನಕ ಕಾಲು ಎತ್ತದ ಮನುಷ್ಯ.

ಭಾನುವಾರ ಓಣಿಯಲ್ಲಿ ಜಾಕ್ ಹಚ್ಚಿದ್ದೇ ತಡ, ಹಲ್ಲುಜ್ಜುತ್ತಿದ್ದವರೂ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದರು.

"ಬ್ರೇಕ್ ಹತ್ತತೈತಲ್ಲೋ, ಮತ್ಯಾಕ ಬಿಚ್ಚಾಕತ್ತಿ?" ಬಾಜೂಮನೆ ಕಾಕಾ ಕೇಳಿದರು.

ಈ ಎಣ್ಣೆ ಗಾಳಿಯ ತೇವ ಹೀರುತ್ತದೆ, ಹೊಸದಿದ್ದಾಗ 230 ಡಿಗ್ರಿವರೆಗೆ ತಡೆಯುವುದು ನೀರು ಸೇರಿದ ಮೇಲೆ 155ಕ್ಕೇ ಕುದಿಯಬಹುದು, ಅರಬೈಲ್ ಘಾಟ್ ಇಳಿಯುವಾಗ ಆವಿಯಾದರೆ ಪೆಡಲ್ ಒತ್ತಿದರೂ ಗಾಡಿ ನಿಲ್ಲದು ಎಂದೆ. ಕಾಕಾ ಪೂರ್ತಿ ಕೇಳಿ, "ನಮ್ಮ ಲೂನಾಕ್ಕ ಜನ್ಮದಾಗ ಒಮ್ಮೆನೂ ಹಾಕಿಲ್ಲ" ಎಂದರು. ಆ ಮೊಪೆಡ್ಡಿಗಿರುವುದು ಎಣ್ಣೆಯೇ ಬೇಡದ ತಂತಿಯ ಬ್ರೇಕು. ನಾನು ಹೇಳಲಿಲ್ಲ, ಪೆಡಲ್ ಒತ್ತಲು ಅವರು ಬೇಕಿತ್ತು. ಇನ್ನೊಬ್ಬರು ಉಳಿದ ಎಂಜಿನ್ ಆಯಿಲ್ ಕೊಡಲು ಬಂದರು. ಅದನ್ನು ಹಾಕಿದರೆ ರಬ್ಬರ್ ಸೀಲೆಲ್ಲ ಉಬ್ಬಿ ಬ್ರೇಕಿನ ಕಥೆಯೇ ಮುಗಿಯುತ್ತದೆ. ಕೈಮುಗಿದು ಕಳಿಸಿದೆ.

ಪೆಡಲ್ ಒತ್ತಿದಾಗ ಎಣ್ಣೆಯನ್ನು ಗಾಲಿಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಎಡಗಾಲಿಯಿಂದ ಶುರು.

"ಒತ್ರಿ."

"ಒತ್ತೀನಿ."

"ಹಿಡೀರಿ."

"ಹಿಡದೀನಿ."

ಗಾಲಿಯ ಬ್ರೇಕಿನಿಂದ ಎಣ್ಣೆ ಹೊರಬಿಡುವ ನಿಪ್ಪಲ್ ಸಡಿಲಿಸಿದೆ. ಕರಿಚಹಾದ ಬಣ್ಣದ ಎಣ್ಣೆ ಪೈಪಿನಲ್ಲಿ ಸರಿಯತೊಡಗಿತು. ಅಷ್ಟರಲ್ಲಿ ಹಾದಿಯಲ್ಲಿ ಯಾರೋ "ನಮಸ್ಕಾರ್ರೀ ಸರ" ಅಂದರು. ನಮ್ಮ ಕಡೆ ಹಿರಿಯರು ಕುಂತಲ್ಲೇ ನಮಸ್ಕಾರ ಮಾಡುವುದಿಲ್ಲ. ಕಾಕಾ ಎದ್ದರು. ಪೆಡಲೂ ಎದ್ದಿತು. ಹೊರಬಂದ ಎಣ್ಣೆ ಗಾಳಿಗುಳ್ಳೆಗಳ ಸಮೇತ ಗುಳುಗುಳು ಎಂದು ವಾಪಸ್ ಒಳಗೆ ಹೋಯಿತು.

ಮತ್ತೆ ಮೊದಲಿನಿಂದ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಎಣ್ಣೆ ತಳಮುಟ್ಟದಂತೆ ಕಾಯಲು ನಿಲ್ಲಿಸಿದ್ದ ಹುಡುಗ ಮಾತ್ರ ಕಣ್ಣು ಮಿಟುಕಿಸದೆ "ಗೆರಿ ಮುಟ್ಟಾಕತ್ತೈತ್ರೀ ಅಂಕಲ್" ಅನ್ನುತ್ತಿದ್ದ. ಓಣಿಗೆಲ್ಲ ನಂಬಿಗಸ್ತ ಅವನೊಬ್ಬನೇ.

ನಡುವೆ ಗಿರಮಿಟ್ಟು, ಮೆಣಸಿನಕಾಯಿ ಬಜಿ ಬಂದವು. ತಿಂದು ಸುಮ್ಮನೆ ಕೂಡಲಾಗದ ಕಾಕಾ, ನಾನು ಎಣ್ಣೆ ಒರೆಸಿಟ್ಟಿದ್ದ ಅರಿವೆ ತಗೊಂಡು ತಮ್ಮ ಲೂನಾದ ಧೂಳು ಹೊಡೆದರು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ನಾನು ಚೀರಿ, ಕೊಡಗಟ್ಟಲೆ ನೀರು ತಂದು ಸುರಿದೆ. ಹಿಂದಿನ ಮಡ್‌ಗಾರ್ಡ್ ಮೇಲೆ ಅಂಗೈಯಗಲ ಬಣ್ಣ ಆಗಲೇ ಸುಕ್ಕುಗಟ್ಟಿತ್ತು.

ಕಾಕಾ ಬಗ್ಗಿ ನೋಡಿದರು. "ಗಾಡಿ ತೊಳದು ಭಾಳ ದಿನ ಆಗಿತ್ತು. ಮುಂದಿನ ಗಾಲಿಗೂ ಒಂದ್ ಕೊಡ ಹಾಕಲಾ."