ಲೇಹ್‌ನ 690

ಜನಗಣತಿಯ ಒಂದು ಅಂಕಿ ಹಿಡಿದು ಇಡೀ ಊರಿನ ಗುಣ ಅಳೆಯುವವರು ಲೇಹ್ ಜಿಲ್ಲೆಯ ಲೆಕ್ಕವನ್ನು ಒಮ್ಮೆ ನೋಡಬೇಕು. 2011ರಲ್ಲಿ ಅಲ್ಲಿ ಸಾವಿರ ಗಂಡಸರಿಗೆ 690 ಹೆಂಗಸರು. ಎಲ್ಲರೂ ಬೈಯುವ ಹರಿಯಾಣದಲ್ಲೇ 879 ಇತ್ತು! ಇಷ್ಟನ್ನೇ ನೋಡಿ ‘ಲಡಾಖಿಗಳಿಗೂ ಹೆಣ್ಣುಮಗು ಬೇಡ’ ಅಂತ ಬರೆದುಬಿಡುವುದು ಸುಲಭ. ಸುಮ್ನೆ ಒಂದು ಸಮಾಜಕ್ಕೆ ಮಸಿ ಬಳಿದ ಹಾಗಾಗುತ್ತದೆ.

ಸ್ವಲ್ಪ ಕೆದಕಿ ನೋಡಿ. ಜಿಲ್ಲೆಯ ಒಟ್ಟು ಜನ 1,33,487. ಅದರಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 96 ಸಾವಿರ. ಸ್ಥಳೀಯರಲ್ಲಿ ಬಹುಪಾಲು ಜನ ಇದರೊಳಗೇ ಬರುತ್ತಾರೆ. ಇವರಲ್ಲಿ ಹೆಣ್ಣು ಗಂಡು ಹೆಚ್ಚುಕಡಿಮೆ ಸಮ. ಉಳಿದ 37 ಸಾವಿರ ಚಿಲ್ಲರೆ ಜನರಲ್ಲಿ ಹೆಂಗಸರು ಆರು ಸಾವಿರದ ಆಸುಪಾಸು ಅಷ್ಟೇ. ಯಾರಪ್ಪಾ ಇಷ್ಟೊಂದು ಗಂಡಸರು? ಗಡಿ ಕಾಯುವ ಸೈನಿಕರು. ಜಾರ್ಖಂಡ್, ಬಿಹಾರ, ನೇಪಾಳದ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದ ಕೂಲಿಗಳು. ಎಣಿಕೆ ನಡೆಯುವಾಗ ಅಲ್ಲಿ ಬೀಡುಬಿಟ್ಟವರೆಲ್ಲ ಲೇಹ್‌ನ ಲೆಕ್ಕಕ್ಕೇ ಸೇರುತ್ತಾರೆ.

ಎಣಿಸಿದ ತಿಂಗಳನ್ನೂ ಗಮನಿಸಿ. ನಮ್ಮಲ್ಲಿ ಫೆಬ್ರವರಿಯಲ್ಲಿ ಮನೆಮನೆಗೆ ಬಂದರೆ, ಹಿಮ ಬೀಳುವ ಕಡೆ ಹಿಂದಿನ ಸೆಪ್ಟೆಂಬರ್‌ನಲ್ಲೇ ಮುಗಿಸುತ್ತಾರೆ. ಆಮೇಲೆ ಕಣಿವೆ ದಾರಿಗಳು ಮುಚ್ಚಿಹೋಗುತ್ತವಲ್ಲ! ಆದರೆ ರಸ್ತೆ ಕೆಲಸ ಜೋರಾಗಿ ನಡೆಯುವುದೂ ಆ ಬೇಸಿಗೆಯ ತಿಂಗಳುಗಳಲ್ಲೇ. ಅಲಾಸ್ಕಾದಲ್ಲಿ ಇದಕ್ಕೆ ಪೂರ್ತಿ ಉಲ್ಟಾ. 2020ರ ಅಮೆರಿಕದ ಜನಗಣತಿ ಶುರುವಾಗಿದ್ದು ಟೋಕ್ಸುಕ್ ಬೇ ಅನ್ನುವ ಹಳ್ಳಿಯಲ್ಲಿ, ಜನವರಿಯ ಕೊರೆಯುವ ಚಳಿಯಲ್ಲಿ. ನೆಲ ಹೆಪ್ಪುಗಟ್ಟಿದ್ದರೆ ಓಡಾಟ ಸುಲಭ, ಹಿಮ ಕರಗಿದರೆ ಜನ ಮೀನುಗಾರಿಕೆ, ಬೇಟೆ ಅಂತ ಹೊರಟುಬಿಡುತ್ತಾರೆ.

ಲೇಹ್ ಜಿಲ್ಲೆಯ ಬಗ್ಗೆ ಅದೇ ಜನಗಣತಿಯ ‘ಚದರ ಕಿಲೋಮೀಟರಿಗೆ 3 ಜನ’ ಅನ್ನುವ ಸಾಲೂ ಅಷ್ಟೇ. ಬೋಳು ಬೆಟ್ಟಗಳನ್ನೂ ಸೇರಿಸಿ ಭಾಗಿಸಿದ ಲೆಕ್ಕ ಅದು. ಜನ ಇರುವುದು ನೀರು ಸಿಗುವ ಕಡೆ, ಸಿಂಧೂ ಮತ್ತು ಅದರ ಉಪನದಿಗಳ ದಂಡೆಯಲ್ಲಿ. ಲೇಹ್ ಪೇಟೆಯಲ್ಲಿ ನಿಂತವರಿಗೆ ‘ಜನ ವಿರಳ’ ಅಂತ ಖಂಡಿತ ಅನಿಸುವುದಿಲ್ಲ.

ಈ ಸಲ ಲಡಾಖ್‌ಗೆ ನಿಗದಿಯಾದ ದಿನ 2026ರ ಅಕ್ಟೋಬರ್ 1, ನಮಗೆ 2027ರ ಮಾರ್ಚ್ 1. ಕೇಂದ್ರಾಡಳಿತ ಪ್ರದೇಶವಾದ ಮೇಲೆ ಅಲ್ಲಿನ ಮೊದಲ ಜನಗಣತಿ ಇದು. 2020ರ ಗಲ್ವಾನ್ ಘರ್ಷಣೆಯ ನಂತರ ಗಡಿಯಲ್ಲಿ ಸೇನೆ ಜಾಸ್ತಿಯಾಗಿದೆ, ರಸ್ತೆ ಕೆಲಸವೂ ಜಾಸ್ತಿಯಾಗಿದೆ. ಹಾಗಾಗಿ ಪ್ರಕಟಿಸುವಾಗಲೇ ಊರಿನವರ ಲೆಕ್ಕ ಬೇರೆ, ಕೆಲಸಕ್ಕೆ ಬಂದವರ ಲೆಕ್ಕ ಬೇರೆ ಅಂತ ಮೊದಲ ಪುಟದಲ್ಲೇ ಕೊಡಲಿ. ಹತ್ತಾರು ಕೋಷ್ಟಕ ಹುಡುಕಿ ಕಳೆಯುವ ಕೆಲಸ ಓದುವವರ ತಲೆಗೆ ಯಾಕೆ, ಅಲ್ವಾ?