ಬೆಂಕಿ ಹಚ್ಚಿ ಟೈರ್ ಕೂರಿಸಬಹುದಾ? ಸತ್ಯಾಂಶ ಇಲ್ಲಿದೆ

"ಮನೆಯಲ್ಲೇ ಹಾಕಿದ ಆಫ್‌ರೋಡ್ ಟೈರ್ ರಿಮ್ಮಿಗೆ ಕೂರುತ್ತಿಲ್ವಾ? ಒಳಗೆ ಸ್ವಲ್ಪ ಪೆಟ್ರೋಲ್ ಚಿಮುಕಿಸಿ, ಕಡ್ಡಿ ಗೀರಿ. ಡಬ್ ಅಂತ ಕೂರುತ್ತೆ, ಗಾಳಿಯೂ ತುಂಬುತ್ತೆ!" ವಿಡಿಯೋ ಸಮೇತ ಹರಿದಾಡುವ ಈ ಫಾರ್ವರ್ಡ್ ಅರ್ಧ ನಿಜ, ಅದೇ ಅಪಾಯ.

ಟೈರ್ ಕೂರುವುದುಂಟು. ಒಳಗಿನ ಗಾಳಿ ಒಮ್ಮೆಲೇ ಬಿಸಿಯಾಗಿ ಹಿಗ್ಗುತ್ತದೆ, ಟೈರಿನ ಅಂಚನ್ನು, ಅಂದರೆ ಬೀಡನ್ನು, ರಿಮ್ಮಿಗೆ ತಳ್ಳುತ್ತದೆ. ಆದರೆ ಗಾಳಿ ತುಂಬುವುದಿಲ್ಲ. ಬಿಸಿ ಆರಿದಂತೆ ಒತ್ತಡ ಇಳಿಯುತ್ತದೆ, ಬೀಡ್ ಮತ್ತೆ ಒಳಕ್ಕೆ ಜಾರಬಹುದು. ಹೇಗೂ ಪಂಪ್ ಬೇಕೇ ಬೇಕು. ಇನ್ನು ಪೆಟ್ರೋಲ್ ಎಷ್ಟು ಬಿತ್ತು ಅಂತ ಯಾರು ಅಳೆಯುತ್ತಾರೆ? ಜಾಸ್ತಿಯಾದರೆ ಟೈರ್ ಸಿಡಿಯಬಹುದು, ಬಗ್ಗಿ ನೋಡುವ ಮುಖ ಅಲ್ಲೇ ಇರುತ್ತೆ ಅಲ್ವಾ.

ಸುಮ್ನೆ ಹೀಗೆ ಮಾಡಿ ನೋಡಿ. ಬೀಡಿಗೆ ಸೋಪಿನ ನೀರು ಬಳಿಯಿರಿ. ವಾಲ್ವ್ ಒಳಗಿನ ಪುಟ್ಟ ಪಿನ್ ಬಿಚ್ಚಿಡಿ. ಅಡ್ಡ ಇಲ್ಲದ್ದರಿಂದ ಕಂಪ್ರೆಸರ್ ಗಾಳಿ ರಭಸವಾಗಿ ನುಗ್ಗುತ್ತದೆ, ಎಷ್ಟೋ ಸಲ ಇಷ್ಟೇ ಸಾಕು. ಆಗಲೂ ಸೋರಿದರೆ ಟೈರಿನ ನೆಲಕ್ಕೆ ತಾಗುವ ಮೈ ಮೇಲೆ, ನಟ್ಟನಡುವೆ, ರಾಚೆಟ್ ಪಟ್ಟಿ (ಹಿಡಿ ಆಡಿಸಿ ಬಿಗಿಸುವ, ಸರಕು ಕಟ್ಟುವ ಪಟ್ಟಿ) ಸುತ್ತಿ ಬಿಗಿಯಿರಿ. ನಡು ಒಳಕ್ಕೆ ಅದುಮಿದಷ್ಟೂ ಅಂಚುಗಳು ಹೊರಕ್ಕೆ ಚಾಚಿ ರಿಮ್ ಮುಟ್ಟುತ್ತವೆ. ಗಾಳಿ ನಿಲ್ಲತೊಡಗಿದ ಕೂಡಲೇ ಪಟ್ಟಿ ಸಡಿಲಿಸಿ.

ಸಾಮಾನ್ಯವಾಗಿ 'ಟಪ್' ಅಂತ ಎರಡು ಸಲ ಸದ್ದಾಗುತ್ತದೆ, ಒಂದೊಂದು ಬದಿಗೆ ಒಂದು. ಬೀಡ್ ಕೂರಿಸುವಾಗ ಮೀರಬಾರದ ಒತ್ತಡ ಟೈರಿನ ಪಕ್ಕದಲ್ಲೇ ಅಚ್ಚಾಗಿದ್ದರೆ ಅದನ್ನು ದಾಟಬೇಡಿ. ಅಷ್ಟಕ್ಕೂ ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು, ಮತ್ತೆ ಸೋಪು ಬಳಿದು ಮೊದಲಿನಿಂದ ಶುರುಮಾಡಿ.