ಇನ್ಹೇಲರ್ ಅಂದರೆ ಇಷ್ಟೊಂದು ಹೆದರಿಕೆ ಯಾಕೆ?

ಮಗಳಿಗೆ ಅಸ್ತಮಾ ಅಂತ ಗೊತ್ತಾದ ಕೂಡಲೇ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: 'ಇನ್ಹೇಲರ್ ಮಾತ್ರ ಶುರು ಮಾಡಬೇಡಿ, ಅಭ್ಯಾಸ ಆಗಿಬಿಡುತ್ತೆ.' ಸಿರಪ್ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ.

ಲೆಕ್ಕ ನೋಡಿ. ಬಿಗಿದ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಸಿರಪ್ 5 ಮಿ.ಲೀ. ಕುಡಿಸಿದರೆ ಸಾಮಾನ್ಯವಾಗಿ 2 ಮಿಲಿಗ್ರಾಂ ಔಷಧಿ ಹೊಟ್ಟೆಗೆ ಹೋಗುತ್ತದೆ. ಅದು ರಕ್ತ ಸೇರಿ ಮೈಯೆಲ್ಲ ಸುತ್ತಿ ಆಮೇಲೆ ಶ್ವಾಸನಾಳ ತಲುಪಬೇಕು. ಮಕ್ಕಳ ಕೈ ನಡುಗುವುದು, ಎದೆ ಡಬಡಬ ಅನ್ನುವುದು ಅದಕ್ಕೇ. ಇನ್ಹೇಲರಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ, ಅಂದರೆ 20ರಲ್ಲಿ ಒಂದು ಪಾಲು. ಬೇಕಾದ ಜಾಗಕ್ಕೇ ನೇರವಾಗಿ ಹೋಗುತ್ತದೆ. ಹೆದರಬೇಕಾದದ್ದು ಯಾವುದಕ್ಕೆ?

ಸ್ಪೇಸರ್, ಅಂದರೆ ಇನ್ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಅದನ್ನು ಮಾತ್ರ ಬಿಡಬೇಡಿ. ಅದಿಲ್ಲದೆ ಹೊಡೆದರೆ ಔಷಧಿ ಬಹುಪಾಲು ಗಂಟಲಿಗೇ ಅಂಟುತ್ತದೆ. ಚಿಕ್ಕವರಿಗೆ ಮಾಸ್ಕ್ ಹಾಕಿ, ಒಂದೊಂದೇ ಪಫ್ ಕೊಟ್ಟು, ಐದಾರು ಸಲ ಉಸಿರಾಡಿಸಬೇಕು. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಔಷಧಿ ಸ್ಪೇಸರಿನ ಒಳಗೋಡೆಗೇ ಹಿಡಿದುಕೊಳ್ಳುತ್ತದೆ.

ದಿನವೂ ಕೊಡುವ ಸ್ಟೀರಾಯ್ಡ್ ಇನ್ಹೇಲರಿನದೇ ದೊಡ್ಡ ತಲೆನೋವು. ಅದು ಶ್ವಾಸನಾಳದ ಒಳಗಿನ ಊತ ಇಳಿಸುತ್ತದೆ. ಕೆಮ್ಮು ನಿಂತ ತಕ್ಷಣ ಅಪ್ಪ ಅಮ್ಮ ತಾವೇ ನಿಲ್ಲಿಸುತ್ತಾರೆ. ಊತ ಒಳಗೇ ಇರುತ್ತದೆ, ಅಲ್ವಾ? ಮಳೆಗಾಲದ ಮೊದಲ ನೆಗಡಿಗೇ ಮಗು ಮತ್ತೆ ನೆಬ್ಯುಲೈಸರ್ ಮುಂದೆ. 'ಬೆಳವಣಿಗೆ ನಿಲ್ಲುತ್ತೆ' ಅನ್ನುವವರಿಗೆ ಒಂದು ಮಾತು: ಉತ್ತರ ಅಮೆರಿಕದಲ್ಲಿ ವರ್ಷಗಟ್ಟಲೆ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಇನ್ಹೇಲರ್ ತೆಗೆದುಕೊಂಡ ಮಕ್ಕಳು ದೊಡ್ಡವರಾದಾಗ ಅಳೆದು ನೋಡಿದರು. ಕಡಿಮೆಯಾಗಿದ್ದ ಎತ್ತರ ಸರಾಸರಿ 1.2 ಸೆಂಟಿಮೀಟರ್. ರಾತ್ರಿ ನಿದ್ದೆ ಇಲ್ಲದೆ ಏದುಸಿರು ಬಿಡುವ ಮಗುವಿನ ಮುಂದೆ ಅದೆಷ್ಟರದು? ಕೊಟ್ಟ ಮೇಲೆ ಬಾಯಿ ಮುಕ್ಕಳಿಸಲಿ, ಡೋಸ್ ಇಳಿಸುವುದನ್ನು ಡಾಕ್ಟರೇ ಹೇಳಲಿ.

'ನಮ್ಮ ಮನೇಲಿ ಯಾರಿಗೂ ಇಲ್ಲ' ಅಂತ ಮುಚ್ಚಿಡುವುದೂ ಬೇಡ. ಬೆಂಗಳೂರಿನಲ್ಲಿ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ನೋಡಿದ ಮಕ್ಕಳಲ್ಲಿ 1979ರಲ್ಲಿ ಶೇ. 9 ಇದ್ದ ಅಸ್ತಮಾ 1999ಕ್ಕೆ ಶೇ. 29.5 ಆಗಿತ್ತು. ಹೊಗೆ, ಧೂಳು ಎಲ್ಲರ ಮನೆಗೂ ಬರುತ್ತದೆ. ಸೊಳ್ಳೆ ಬತ್ತಿ, ಸಾಂಬ್ರಾಣಿ ಹೊಗೆಯನ್ನಾದರೂ ಮಗು ಮಲಗುವ ಕೋಣೆಯಿಂದ ದೂರ ಇಡಬಹುದು. ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಶಾಲೆಯವರಲ್ಲಿ ಒಂದು ವಿನಂತಿ. ಇನ್ಹೇಲರನ್ನು ಆಫೀಸ್ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಮಗುವಿನ ಬ್ಯಾಗಿನಲ್ಲೇ ಇರಲಿ. ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ ಪಫ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ನಮಗೆ ಫೋನ್ ಆಮೇಲೆ ಮಾಡಿದರೂ ನಡೆಯುತ್ತದೆ.